ಬೆಂಡು ಅಲುಗುತ್ತೆ, ಹುಕ್ ಬರಿದಾಗಿ ಬರುತ್ತೆ: ಕೆರೆಯಲ್ಲಿ ರೋಹು ಯಾಕೆ ಸಿಗ್ತಿಲ್ಲ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ನಾಲ್ಕು ಭಾನುವಾರದಿಂದ ಒಂದೇ ತೊಂದರೆ, ದಯವಿಟ್ಟು ಯಾರಾದ್ರೂ ದಾರಿ ತೋರಿಸಿ.

ತುಮಕೂರು ಕಡೆಯ ಒಂದು ಕೆರೆ. ಮೀನುಗಾರರ ಸಹಕಾರ ಸಂಘದವರು ಗುತ್ತಿಗೆ ಹಿಡಿದಿದ್ದಾರೆ. ಅವರನ್ನ ಕೇಳಿ, ದಿನದ ದುಡ್ಡು ಕೊಟ್ಟೇ ಕೂರ್ತೀನಿ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಟ್ಟು ಎರಡು ವರ್ಷ ಆಯ್ತಂತೆ. ಅವರ ಬಲೆಗೆ ಎರಡು ಕೆಜಿ ರೋಹು ಬಿದ್ದಿದ್ದನ್ನ ಕಣ್ಣಾರೆ ನೋಡಿದೀನಿ, ಹಾಗಾಗಿ ಮೀನಿಲ್ಲ ಅನ್ನೋ ಮಾತೇ ಇಲ್ಲ.

ನನ್ನ ಹತ್ತಿರ ಇರೋದು 9 ಅಡಿ ರಾಡ್, ಸ್ಪಿನ್ನಿಂಗ್ ರೀಲ್, 0.35 ಮಿಮೀ ನೈಲಾನ್ ದಾರ, ಮೇಲೊಂದು ಪ್ಲಾಸ್ಟಿಕ್ ಬೆಂಡು. ಮೇವು ರಾಗಿ ಮುದ್ದೆ. ಬೆಳಿಗ್ಗೆ ಐದೂವರೆಗೇ ಹೋಗಿ ಒಂಬತ್ತಕ್ಕೆ ಎದ್ದು ಬರ್ತೀನಿ. ಬೆಂಡು ಟುಕ್ ಟುಕ್ ಅಂತ ಅಲುಗುತ್ತಾನೇ ಇರುತ್ತೆ. ಎಳೆದ್ರೆ ಹುಕ್ ತೊಳೆದಿಟ್ಟ ಹಾಗೆ ಬರುತ್ತೆ. ಇಲ್ಲಿಯವರೆಗೆ ಸಿಕ್ಕಿದ್ದು ಅಂಗೈಯಗಲದ ಎರಡು ಜಿಲೇಬಿ ಮೀನು (ತಿಲಾಪಿಯಾ), ಅಷ್ಟೇ. ರಾಡ್ ಬದಲಾಯಿಸ್ಬೇಕಾ?

ಹೊಳೆದಂಡೆ:
ತಮ್ಮಾ, ರಾಡ್ ಮುಟ್ಟಬೇಡ, ಅದು ಚೆನ್ನಾಗೇ ಇದೆ. ಉತ್ತರ ಹೇಳೋ ಮುಂಚೆ ಇಷ್ಟು ಹೇಳು. ನೀನು ಕೂರೋ ಜಾಗದಲ್ಲಿ ನೀರಿನ ಆಳ ಎಷ್ಟು? ಹುಕ್ ಎಷ್ಟನೇ ನಂಬರು? ಸೀಸ ಎಲ್ಲಿ ಕಟ್ಟಿದೀಯ? ಮುದ್ದೆ ಹೆಂಗೆ ಮಾಡ್ತೀಯ? ಇನ್ನೊಂದು, ಇದು ಮುಖ್ಯ: ಬೆಂಡು ಟುಕ್ ಟುಕ್ ಅನ್ನೋದು ಬಿಟ್ಟು ಬೇರೆ ಥರ ಏನಾದ್ರೂ ಮಾಡಿದ್ದು ನೆನಪಿದೆಯಾ?

ಕೆರೆಏರಿ:
ಅಣ್ಣ, ಆಳ ಸುಮಾರು 7 ಅಡಿ, ಮೇವು ತಳದಲ್ಲಿ ಬಿಡ್ತೀನಿ. ಹುಕ್ 2/0. ಸೀಸ ಒಂದೇ ದೊಡ್ಡ ಗುಂಡು, ಹುಕ್ಕಿಗಿಂತ ಒಂದಡಿ ಮೇಲೆ. ಮುದ್ದೆಯನ್ನ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಮತ್ತೊಂದ್ಸಲ ನೀರಲ್ಲಿ ಕುದಿಸಿ ಗಟ್ಟಿ ಮಾಡ್ತೀನಿ. ಕಾವೇರಿಯಲ್ಲಿ ಹಿಂದೆ ಹಾಗೇ ಮಾಡ್ತಿದ್ರು ಅಂತ ನಮ್ಮ ಸೋದರಮಾವ ಹೇಳಿಕೊಟ್ಟಿದ್ದು.

ಬೇರೆ ಥರ ಅಂದ್ರೆ, ಎರಡು ಸಲ ಬೆಂಡು ಮುಳುಗೋ ಬದಲು ಮೇಲಕ್ಕೆದ್ದು ಪಕ್ಕಕ್ಕೆ ಮಲಗಿಬಿಡ್ತು. ಮುಳುಗ್ಲಿ ಅಂತ ಕಾದೆ, ಏನೂ ಆಗ್ಲಿಲ್ಲ. ಇನ್ನು ಮೂರ್ನಾಲ್ಕು ಸಲ ಸರ್ರನೆ ಗೇಣುದ್ದ ಪಕ್ಕಕ್ಕೆ ಓಡಿ ನಿಂತುಬಿಡ್ತು. ಅದರಲ್ಲಿ ಒಂದ್ಸಲ ಜೋರಾಗಿ ಎಳೆದಾಗ ಭಾರವಾಗಿ ಏನೋ ತಗಲಿ ತಪ್ಪಿಹೋಯ್ತು. ಹುಕ್ಕಿನ ಮೊನೆಯಲ್ಲಿ ಒಂದು ಹುರುಪೆ ಸಿಕ್ಕಿಕೊಂಡಿತ್ತು, ಎರಡು ರೂಪಾಯಿ ನಾಣ್ಯದಷ್ಟು ಅಗಲ. ಕಾಗದದಲ್ಲಿ ಸುತ್ತಿ ಇಟ್ಟಿದೀನಿ.

ಹೊಳೆದಂಡೆ:
ಆ ಹುರುಪೆ ಜೋಪಾನವಾಗಿ ಇಡು. ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ನೀನು ಒಂದೇ ತೊಂದರೆ ಅಂದ್ಕೊಂಡಿದೀಯ. ನಿನ್ನ ಬೆಂಡು ಮೂರು ಬೇರೆ ಬೇರೆ ಮಾತು ಹೇಳ್ತಿದೆ.

ಟುಕ್ ಟುಕ್ ಅನ್ನೋದು ಜಿಲೇಬಿ, ಪಕ್ಕೆ ಥರದ ಪುಡಿ ಮೀನು. ಅವು ಉಂಡೆಯನ್ನ ಬಾಯಿಗೆ ತಗೊಳ್ಳಲ್ಲ, ತಗೊಳ್ಳೋಕೆ ಆಗೋದೂ ಇಲ್ಲ. ಸುತ್ತ ನಿಂತು ಕುಕ್ಕಿ ಕುಕ್ಕಿ ಸವೆಸ್ತವೆ. ಅದಕ್ಕೆ ಎಳೆಯೋದೇ ತಪ್ಪು. ಪ್ರತಿ ಸಲ ಎಳೆದಾಗ್ಲೂ ಅಲ್ಲಿ ಮೇಯೋಕೆ ಬಂದಿರೋ ದೊಡ್ಡ ಮೀನನ್ನ ನೀನೇ ಓಡಿಸ್ತಿದೀಯ.

ಬೆಂಡು ಎದ್ದು ಮಲಗೋದೇ ನೀನು ಕಾಯ್ತಿರೋ ಮೀನು. ರೋಹು ಆಗಲಿ ಗೆಂಡೆ ಆಗಲಿ ತಳದಲ್ಲಿ ತಲೆ ಕೆಳಗೆ ಮಾಡಿ ಮೇಯುತ್ತೆ, ಮೇವು ಬಾಯಿಗೆ ಬಂದಮೇಲೆ ಮೈ ನೆಟ್ಟಗೆ ಮಾಡಿ ಮೇಲೇಳುತ್ತೆ. ಆಗ ಸೀಸವೂ ಅದರ ಜೊತೆ ಎದ್ದು, ಬೆಂಡಿನ ಮೇಲಿನ ಭಾರ ಇಳಿಯುತ್ತೆ. ಭಾರ ಇಳಿದ ಬೆಂಡು ಮಲಗದೆ ಇನ್ನೇನು ಮಾಡುತ್ತೆ? ಎಳೀಬೇಕಾಗಿದ್ದು ಆ ಹೊತ್ತಲ್ಲಿ. ಬೆಂಡು ಮುಳುಗ್ಲೇಬೇಕು ಅಂತ ಎಲ್ಲರೂ ಕಲಿತಿರ್ತೀವಿ, ನಾನೂ ಹಾಗೇ ಕಲಿತು ಎಷ್ಟೋ ಮೀನು ಬಿಟ್ಟಿದೀನಿ. ಸೀಸ ಒಂದಡಿ ಮೇಲಿದ್ರೂ ನಿಂಗೆ ಎರಡು ಸಲ ಕಾಣಿಸಿದೆ ಅಂದ್ರೆ, ಕಾಣಿಸದೇ ಹೋಗಿದ್ದು ಇನ್ನೆಷ್ಟೋ. ಮೀನು ನಾಲ್ಕೈದು ಇಂಚು ಎದ್ದು ಉಗಿದುಬಿಟ್ರೆ ಒಂದಡಿ ಮೇಲಿರೋ ಗುಂಡಿಗೆ ಸುದ್ದಿಯೇ ಮುಟ್ಟಲ್ಲ.

ಸರ್ರನೆ ಪಕ್ಕಕ್ಕೆ ಓಡಿ ನಿಲ್ಲೋದು ಮೇವು ತಿಂದಿದ್ದಲ್ಲ, ದಾರಕ್ಕೆ ಮೈ ತಾಗಿದ್ದು. ಮೀನು ಗುಂಪಾಗಿ ನಡುನೀರಲ್ಲಿ ತಿರುಗ್ತಿದೆ, ನಿನ್ನ ಮೇವು ಅದರ ಹೊಟ್ಟೆ ಕೆಳಗಿದೆ. ಎಳೆದಾಗ ಹುಕ್ ಬಾಯಿಗೆ ಹೋಗದೆ ಮೈಗೆ ಬಡಿದು ಹುರುಪೆ ಕಿತ್ಕೊಂಡು ಬಂದಿದೆ.

ಈಗ ರಿಪೇರಿ. ಆ ದೊಡ್ಡ ಗುಂಡು ಬಿಚ್ಚಿ, ಅದೇ ಭಾರಕ್ಕೆ ಸಣ್ಣ ಸೀಸಗಳನ್ನ ಬೆಂಡಿನ ಕೆಳಗೆ ಒಟ್ಟಿಗೆ ಕಚ್ಚಿಸು. ಒಂದೇ ಒಂದು ಪುಟ್ಟ ಸೀಸ ಮಾತ್ರ ಹುಕ್ಕಿಂದ ನಾಲ್ಕು ಬೆರಳು ಮೇಲಿರಲಿ. ಮನೇಲಿ ಬಕೆಟ್ಟಲ್ಲಿ ಬಿಟ್ಟು ನೋಡು, ಬೆಂಡಿನ ತುದಿ ಅರ್ಧ ಇಂಚು ಮಾತ್ರ ನೀರ ಮೇಲೆ ಕಾಣ್ಬೇಕು. ಬೆಂಡು ಹೆಚ್ಚು ತೇಲ್ತಿದ್ರೆ ಮೀನು ಎಳೆದಾಗ ಅದಕ್ಕೂ ಭಾರ ಗೊತ್ತಾಗುತ್ತೆ, ಉಗಿದುಬಿಡುತ್ತೆ.

ಹುಕ್ 2/0 ತೆಗೆದು 6 ಅಥವಾ 8ನೇ ನಂಬರ್ ಹಾಕು. ಈ ನಂಬರಲ್ಲಿ ತುಂಬ ಜನ ಎಡವ್ತಾರೆ. ಬರೀ ನಂಬರು ದೊಡ್ಡದಾದ ಹಾಗೆ ಹುಕ್ ಚಿಕ್ಕದು, 2/0 ಥರ ಗೀಟು ಹಾಕಿ ಸೊನ್ನೆ ಬಂದ್ರೆ ಲೆಕ್ಕ ಉಲ್ಟಾ. ಮೊನೆಯನ್ನ ಹೆಬ್ಬೆರಳ ಉಗುರ ಮೇಲಿಟ್ಟು ಮೆಲ್ಲಗೆ ಎಳಿ. ಜಾರಿದ್ರೆ ಬಿಸಾಕು, ಕಚ್ಚಿ ನಿಂತ್ರೆ ಇಟ್ಕೋ.

ನಿಮ್ಮ ಸೋದರಮಾವ ಹೇಳಿದ್ದು ಸುಳ್ಳಲ್ಲ. ಆದ್ರೆ ಅದು ಮಹಶೀರ್‌ಗೆ, ಅಂದ್ರೆ ನಮ್ಮ ಬಿಳಿಮೀನಿಗೆ ಮಾಡ್ತಿದ್ದ ಮುದ್ದೆ. ಹರಿಯೋ ನೀರಲ್ಲಿ ಕರಗಬಾರದು, ಪುಡಿ ಮೀನು ಕುಕ್ಕಿದ್ರೂ ನಿಲ್ಲಬೇಕು, ಅದಕ್ಕೆ ಹಾಗೆ ಕುದಿಸಿ ಗಟ್ಟಿ ಮಾಡ್ತಿದ್ರು. ನಿಂತ ನೀರಿನ ರೋಹುಗೆ ಅದೇ ಉಂಡೆ ಕಲ್ಲಿದ್ದ ಹಾಗೆ. ಇನ್ನೊಂದು ಕೇಡು ಏನು ಅಂದ್ರೆ, ನೀನು ಎಳೆದಾಗ ಹುಕ್ಕಿನ ಮೊನೆ ಆ ಗಟ್ಟಿ ಮುದ್ದೆ ಸೀಳಿ ಹೊರಗೆ ಬರೋದೇ ಇಲ್ಲ. ರಾಗಿ ಹಿಟ್ಟು ಎರಡು ಪಾಲು, ಮೈದಾ ಒಂದು, ಹುರಿದು ಪುಡಿ ಮಾಡಿದ ಕಡ್ಲೆಕಾಯಿ ಹಿಂಡಿ ಒಂದು. ಬೇಯಿಸಿ, ಒಬ್ಬಟ್ಟಿನ ಕಣಕದ ಹದಕ್ಕೆ ಚೆನ್ನಾಗಿ ನಾದು. ನಾದುವಾಗ ಒಂದು ಚಿಟಿಕೆ ಹತ್ತಿಯನ್ನ ಎಳೆ ಎಳೆಯಾಗಿ ಬಿಡಿಸಿ ಸೇರಿಸು, ಮೆತ್ತಗಿದ್ರೂ ಹುಕ್ಕಿಂದ ಉದುರಲ್ಲ. ಉಂಡೆ ಕಡ್ಲೆಕಾಳಿಗಿಂತ ಸ್ವಲ್ಪ ದೊಡ್ಡದಿದ್ರೆ ಸಾಕು, ಮೊನೆ ಮಾತ್ರ ಕೂದಲೆಳೆಯಷ್ಟು ಹೊರಗೆ ಕಾಣ್ಲಿ.

ನೇತ್ರಾವತಿ ಬದಿ:
ಇಷ್ಟೆಲ್ಲ ಯಾಕೆ ಮಾರಾಯ್ರೆ, ಎರೆಹುಳ ಹಾಕಿ. ನಮ್ಮಲ್ಲಿ ಹೊಳೆಗೆ ಅದೊಂದೇ ಸಾಕು.

ಹೊಳೆದಂಡೆ:
ಹೊಳೆಗೆ ಸರಿ. ಆದ್ರೆ ಜಿಲೇಬಿ ತುಂಬಿದ ಕೆರೆಯಲ್ಲಿ ಎರೆಹುಳ ತಳ ಮುಟ್ಟೋಷ್ಟರಲ್ಲಿ ಖಾಲಿ. ಮಳೆ ಬಿದ್ದು ಕೆಂಪು ನೀರು ಬಂದ ದಿನ ನಾನೂ ಅದನ್ನೇ ಹಾಕೋದು.

ಕಿವಿರು:
ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. ಗಾಳ ಹಾಕೋದರಲ್ಲಿ ನನಗೆ ಅನುಭವ ಕಡಿಮೆ, ಆದರೆ ಮೇಲಿನವರು ಹೇಳಿದ್ದಕ್ಕೆ ಕಾರಣಗಳು ಮೀನಿನ ಬಾಯಲ್ಲೇ ಇವೆ. ಅದನ್ನ ಹೇಳ್ತೀನಿ.

ಗೆಂಡೆ ಜಾತಿಯ ಮೀನುಗಳಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಹಾಗಾಗಿ ಅವು ಕಚ್ಚುವುದಿಲ್ಲ, ನೀರಿನ ಸಮೇತ ಮೇವನ್ನ ಹೀರ್ತವೆ. ತುಟಿ, ಮೀಸೆ, ಬಾಯೊಳಗಿನ ಅಂಗುಳ ಎಲ್ಲ ಕಡೆ ರುಚಿಮೊಗ್ಗುಗಳಿವೆ. ಹಿಡಿಸಿದ್ದು ಗಂಟಲಿಗೆ ಹೋಗುತ್ತೆ, ಹಿಡಿಸದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ಬರುತ್ತೆ. ಚಿಕ್ಕ ಹುಕ್, ಮೆತ್ತನೆ ಮೇವು, ಹಗುರ ಸೀಸ ಬೇಕಾಗೋದು ಇದಕ್ಕೇ. ಹೀರಿದಾಗ ಸಲೀಸಾಗಿ ಒಳಗೆ ಹೋಗಬೇಕು, ಅನುಮಾನ ಬರೋ ಮುಂಚೆ ನೀವು ಎಳೆದಿರಬೇಕು. ಇವಕ್ಕೆ ಜಠರವೂ ಇಲ್ಲ, ಗಂಟಲಿಂದ ನೇರ ಕರುಳು. ಒಂದೇ ಸಲ ಹೊಟ್ಟೆ ತುಂಬ ತುಂಬಿಸಿಕೊಳ್ಳದೆ ಆಗಾಗ ಸ್ವಲ್ಪ ಸ್ವಲ್ಪ ಮೇಯ್ತಾ ಇರ್ತವೆ. ಜಾಗಕ್ಕೆ ಹಿಂಡಿ ಎರಚೋದಾದ್ರೆ ಬೊಗಸೆಗಟ್ಟಲೆ ಬೇಡ, ಅರ್ಧ ಗಂಟೆಗೊಂದು ಚಿಕ್ಕ ಮುಷ್ಟಿ ಸಾಕು.

ಕಾಟ್ಲಾ ಬಾಯಿ ನೋಡಿದ್ದೀರಾ? ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಆಕಾಶ ನೋಡ್ತಿರುತ್ತೆ, ಮೀಸೆ ಇಲ್ಲ. ಮೇಲ್ನೀರಿನ ಸೂಕ್ಷ್ಮ ಜೀವಿಗಳನ್ನ ಕಿವಿರಿನ ಬಾಚಣಿಗೆಯಲ್ಲಿ ಸೋಸಿ ತಿನ್ನೋಕೆ ಹೇಳಿ ಮಾಡಿಸಿದ ಬಾಯಿ. ರೋಹು ಬಾಯಿ ಸ್ವಲ್ಪ ಕೆಳಮುಖ, ತುಟಿ ಅಂಚು ಕುಚ್ಚು ಕಟ್ಟಿದ ಸೆರಗಿನ ಹಾಗೆ. ಕಾಟ್ಲಾಗೆ ತಳದಲ್ಲಿ ಮೇವಿಟ್ಟರೆ ಅದು ಅದರ ದಾರಿಯಲ್ಲೇ ಇಲ್ಲ.

ನಿಮ್ಮ ಹೊತ್ತಿನ ಬಗ್ಗೆಯೂ ಒಂದು ಮಾತು. ಕೆರೆ ನೀರು ಈಗ ಹಸಿರಾಗಿದೆಯಾ? ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತೆ, ರಾತ್ರಿಯೆಲ್ಲ ತಾನೇ ಬಳಸಿಕೊಳ್ಳುತ್ತೆ. ಹಾಗಾಗಿ ನೀರಲ್ಲಿ ಆಮ್ಲಜನಕ ಅತಿ ಕಡಿಮೆ ಇರೋದು ಬೆಳಕು ಹರಿಯೋ ಹೊತ್ತಿಗೆ. ಅದೂ ಏಪ್ರಿಲ್ ಬಿಸಿಲಿಗೆ ಕಾದ ನೀರು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತೆ. ಉಸಿರಿಗೇ ಕಷ್ಟಪಡೋ ಮೀನು ಮೇಯೋಕೆ ಬರಲ್ಲ. ಬೇಸಿಗೆಯಲ್ಲಿ ಐದೂವರೆಗೆ ಹೋಗೋ ಬದಲು ಎಂಟರಿಂದ ಹತ್ತೂವರೆ ಕೂತು ನೋಡಿ.

ಕೆರೆಏರಿ:
ನೀರು ಕಡುಹಸಿರು ಮೇಡಂ. ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋದನ್ನ ನೋಡಿ ಹಸಿವಾಗಿದೆ ಅಂದ್ಕೊಂಡಿದ್ದೆ! ಮಳೆಗಾಲ ಶುರುವಾದ್ರೆ ಮೊಟ್ಟೆ ಕಟ್ಟಿ ಮೇವೇ ಮುಟ್ಟಲ್ಲ ಅಂತಾರಲ್ಲ, ನಿಜಾನಾ?

ಕಿವಿರು:
ಪೂರ್ತಿ ಬಿಡಲ್ಲ, ಮೇಯೋದು ಕಡಿಮೆ ಆಗುತ್ತೆ. ಕಾಟ್ಲಾ, ರೋಹು ಮೂಲತಃ ಗಂಗಾ ಬಯಲಿನ ಹೊಳೆ ಮೀನು, ಮುಂಗಾರಿನ ಹರಿಯೋ ನೀರಲ್ಲಿ ಮೊಟ್ಟೆಯಿಡೋವು. ಕೆರೆಯ ನಿಂತ ನೀರಲ್ಲಿ ಮೊಟ್ಟೆ ಕಟ್ಟಿದರೂ ಇಡುವುದಿಲ್ಲ, ಅದು ಮೈಯಲ್ಲೇ ಕರಗಿಹೋಗುತ್ತೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ, ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ನಿಮ್ಮ ಕೆರೆಗೆ ಮರಿ ಬಂದಿರೋದು ಆ ದಾರಿಯಿಂದಲೇ. ಆದರೆ ಜಿಲೇಬಿ ಹಾಗಲ್ಲ. ಅದು ಕೆರೆಯಲ್ಲೇ ಮೊಟ್ಟೆಯಿಟ್ಟು, ತಾಯಿ ಬಾಯಲ್ಲೇ ಮರಿ ಸಾಕುತ್ತೆ. ಅದಕ್ಕೇ ಯಾರೂ ಬಿಡದಿದ್ದರೂ ನಿಮ್ಮ ಹುಕ್ ಖಾಲಿ ಮಾಡುವಷ್ಟು ತುಂಬಿದೆ.

ಆ ಹುರುಪೆಯನ್ನ ನೀರಲ್ಲಿ ನೆನೆಸಿ, ಬೆಳಕಿಗೆ ಹಿಡಿದು ನೋಡಿ. ನಡುವೆ ಸಣ್ಣ ಕೊಳವೆಯ ಗುರುತಿದೆಯಾ?

ಕೆರೆಏರಿ:
ಇದೆ! ಎಳ್ಳಿನ ಉದ್ದಕ್ಕೆ ತೆಳ್ಳಗೆ ಗೀರಿನ ಥರ. ಸುತ್ತ ಕೊರೆದ ಹಾಗೆ ಉಂಗುರ ಉಂಗುರ ಗೆರೆಗಳು.

ಕಿವಿರು:
ಹಾಗಾದರೆ ಅದು ಪಕ್ಕೆಗೆರೆಯ ಹುರುಪೆ, ಮೈಯ ನಟ್ಟನಡುವಿಂದ ಬಂದದ್ದು. ನೀರಿನ ಕದಲಿಕೆ ಮೀನಿಗೆ ತಿಳಿಯೋದು ಆ ಗೆರೆಯಿಂದಲೇ. ದಾರ ಮೈಗೆ ತಾಗಿತ್ತು ಅಂತ ಹೊಳೆದಂಡೆಯವರು ಹೇಳಿದ್ದಕ್ಕೆ ಸರಿಹೊಂದುತ್ತೆ.

ಕೆರೆಏರಿ:
ಎರಡು ವಾರ ಬಿಟ್ಟು ಬರೀತಿದೀನಿ. ಹೇಳಿದ್ದೆಲ್ಲ ಮಾಡಿದೆ. ಬಕೆಟ್ಟಲ್ಲಿ ಬೆಂಡು ತೂಗಿದ್ದೇ ಒಂದು ಸಂಜೆ ಆಯ್ತು. ಭಾನುವಾರ ಎಂಟಕ್ಕೆ ಕೂತೆ. ಟುಕ್ ಟುಕ್ ಶುರುವಾಯ್ತು, ಕೈ ಕಟ್ಟಿ ಕೂತೆ. ಅದು ಬಹಳ ಕಷ್ಟ ಅಣ್ಣ. ಒಂಬತ್ತು ಕಾಲಕ್ಕೆ ಪುಡಿ ಮೀನಿನ ಕುಕ್ಕಾಟ ಪೂರ್ತಿ ನಿಂತ್ಹೋಯ್ತು. ಒಂದು ನಿಮಿಷ ಬೆಂಡು ಕಲ್ಲಿನ ಹಾಗೆ ನಿಂತಿತ್ತು, ಆಮೇಲೆ ಮೆಲ್ಲಗೆ ಏಳ್ತಾ ಏಳ್ತಾ ಕೆಂಪು ಬಣ್ಣ ಪೂರ್ತಿ ಕಾಣಿಸ್ತು. ಮಲಗೋ ಮುಂಚೆಯೇ ಎಳೆದೆ. ರೋಹು! ಒಂದು ಕೆಜಿ ಇನ್ನೂರು ಗ್ರಾಂ. ಹುಕ್ ಮೇಲ್ತುಟಿಗೆ ಸರಿಯಾಗಿ ಕೂತಿತ್ತು.

ಆಮೇಲೆ ಪಕ್ಕಕ್ಕೆ ಓಡೋದು ಮತ್ತೆ ಶುರುವಾಯ್ತು. ಬೆಂಡನ್ನ ಇಳಿಸಿ ಆಳ 3 ಅಡಿಗೆ ಮಾಡಿದೆ. ಎರಡನೇ ಸಲಕ್ಕೇ ಬೆಂಡು ನೇರ ಕೆಳಗೆ ಹೋಯ್ತು. ಕಾಟ್ಲಾನೇ ಇರ್ಬೇಕು, ರಾಡ್ ಬಿಲ್ಲಿನ ಹಾಗೆ ಬಗ್ತು. ಹತ್ತು ಸೆಕೆಂಡಲ್ಲಿ ಹುಕ್ ಸಮೇತ ಹೋಯ್ತು. ದಾರ ಇನ್ನೂ ದಪ್ಪ ಹಾಕ್ಲಾ?

ಹೊಳೆದಂಡೆ:
ಪುಡಿ ಮೀನು ಏಕಾಏಕಿ ಸುಮ್ಮನಾದ್ರೆ ದೊಡ್ಡದು ಬಂತು ಅಂತಲೇ ಲೆಕ್ಕ. ಅದನ್ನ ನಾನು ಹೇಳೋಕೆ ಮರೆತಿದ್ದೆ, ನೀನೇ ಕಂಡ್ಕೊಂಡೆ. ನಿಜಕ್ಕೂ ಸಂತೋಷ ಆಯ್ತು ತಮ್ಮಾ.

ದಪ್ಪ ದಾರ ಬೇಡ. ಹುಕ್ ಹೋದ ಕಡೆಯ ತುದಿ ನೋಡು. ಹಂದಿ ಬಾಲದ ಥರ ಸುರುಳಿ ಸುತ್ತಿದೆಯಾ, ನೂಲು ಬಿಟ್ಟ ಹಾಗೆ ಒರಟಾಗಿದೆಯಾ, ನೇರವಾಗಿ ತುಂಡಾಗಿದೆಯಾ?

ಕೆರೆಏರಿ:
ಸುರುಳಿ ಸುತ್ತಿದೆ ಅಣ್ಣ.

ಹೊಳೆದಂಡೆ:
ದಾರ ಹರಿದಿಲ್ಲ, ಗಂಟು ಜಾರಿದೆ. ಒರಟಾಗಿದ್ರೆ ಕಲ್ಲಿಗೆ ಉಜ್ಜಿದ್ದು, ನೇರ ತುಂಡಾಗಿದ್ರೆ ಭಾರಕ್ಕೆ ಹರಿದದ್ದು. ದಾರದ ತುದಿಯನ್ನ ಹುಕ್ಕಿನ ಕಣ್ಣಲ್ಲಿ ತೂರಿಸಿ, ದಾರದ ಸುತ್ತ ಆರು ಸುತ್ತು ಹಾಕು. ಮೊದಲ ಕುಣಿಕೆಯಲ್ಲಿ ತೂರಿಸಿ, ಆಗ ಆಗೋ ದೊಡ್ಡ ಕುಣಿಕೆಯಲ್ಲೂ ಮತ್ತೊಮ್ಮೆ ತೂರಿಸು. ಬಿಗಿಯೋ ಮುಂಚೆ ಎಂಜಲಲ್ಲಿ ಒದ್ದೆ ಮಾಡು. ಒಣಗಂಟು ಬಿಗಿದ್ರೆ ಉಜ್ಜಿದ ಬಿಸಿಗೇ ನೈಲಾನ್ ಸೋತುಹೋಗುತ್ತೆ. ತುದಿಯನ್ನ ಗಂಟಿಗೆ ಅಂಟಿಕೊಂಡ ಹಾಗೆ ಕತ್ತರಿಸಬೇಡ, ಅಕ್ಕಿಕಾಳಿನ ಅರ್ಧದಷ್ಟು ಬಿಡು. ರೀಲ್ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡ್ಬೇಕು ಅಂತ ಹೊಂದಿಸೋ ತಿರುಪು) ಸಡಿಲ ಮಾಡಿ ದಾರವನ್ನ ತೂಕದ ಕೊಕ್ಕೆಗೆ ಕಟ್ಟಿ ಎಳಿ. ದಾರ ತಡೆಯೋ ಭಾರದ ಕಾಲು ಭಾಗಕ್ಕೆಲ್ಲ ರೀಲ್ ದಾರ ಬಿಡೋಕೆ ಶುರು ಮಾಡ್ಬೇಕು.

ಕೆರೆಏರಿ:
ಮನೇಲಿ ಹನ್ನೆರಡು ಗಂಟು ಹಾಕಿ ಬಾಗಿಲ ಚಿಲಕಕ್ಕೆ ಸಿಗಿಸಿ ಎಳೆದೆ. ಮೊದಲ ಮೂರು ಜಾರಿದ್ವು, ಆಮೇಲೆ ಒಂದೂ ಜಾರ್ಲಿಲ್ಲ. ಭಾನುವಾರ 3 ಅಡಿಗೇ ಕೂರ್ತೀನಿ.