ಚೆಸ್ಕಿ ಕ್ರುಮ್‌ಲೋವ್‌ನಲ್ಲಿ ಒಬ್ಬಳೇ ಎರಡು ದಿನ: ಬಸ್ಸೋ ರೈಲೋ? ಊಟಕ್ಕೇನು?

ಸೋಂದಾ ಕ್ರಾಸ್ (ಶಿರಸಿ)
ಅಡಿಕೆ ಕೊಯ್ಲು ಶುರುವಾಗುವ ಮೊದಲು, ಅಕ್ಟೋಬರ್ ಮೊದಲ ವಾರ ಪ್ರಾಗ್‌ಗೆ ಹೋಗುವುದಿದೆ. ಅಲ್ಲಿಂದ ಜೆಕ್ ದೇಶದ ದಕ್ಷಿಣದಲ್ಲಿರುವ ಹಳೆ ಊರು ಚೆಸ್ಕಿ ಕ್ರುಮ್‌ಲೋವ್ ನೋಡುವ ಆಸೆ. ಒಬ್ಬಳೇ. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕು ಅಂತಾರೆ ಕೆಲವರು, ಉಳಿಯಲೇಬೇಕು ಅಂತಾರೆ ಇನ್ನು ಕೆಲವರು. ಬಸ್ಸೋ ರೈಲೋ? ಕೋಣೆ ಎಲ್ಲಿ ಹಿಡಿಯಲಿ? ಮೊಟ್ಟೆಯನ್ನೂ ತಿನ್ನದವಳಿಗೆ ಊಟದ ಗತಿ ಏನು? ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಬಹುದಾ?

ಕೋಡಿಬಾಗ (ಕಾರವಾರ)
ಉಳಿಯಿರಿ. ಹೋಗಿಬರುವುದಕ್ಕೇ ಆರು ತಾಸು ಬೇಕು. ಉಳಿಯುವ ನಾಲ್ಕೈದು ತಾಸು ಸರಿಯಾಗಿ ಟೂರ್ ಬಸ್ಸುಗಳ ಜನ ಊರಲ್ಲಿ ತುಂಬಿರುವ ಹೊತ್ತು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ನಂತರ ಅದೇ ಬೀದಿಗಳು ಖಾಲಿ. ಆ ಎರಡು ಹೊತ್ತಿಗಾಗಿಯೇ ಕೋಣೆಗೆ ದುಡ್ಡು ಕೊಡುವುದು.

ಬಸ್ಸೇ ಸರಿ, ಸುಮಾರು ಮೂರು ತಾಸು. ರೇಜಿಯೋಜೆಟ್‌ನ ಹಳದಿ ಬಸ್ಸುಗಳು ಹೊರಡುವುದು ನಾ ಕ್ನೀಜೆತ್ಸಿ ನಿಲ್ದಾಣದಿಂದ. ಮೆಟ್ರೋ ಬಿ ಲೈನ್‌ನಲ್ಲಿ ಅಂಡ್ಯೆಲ್‌ನಲ್ಲಿ ಇಳಿದರೆ ಮೇಲೇ ಇದೆ. ಪ್ರಾಗಿನ ದೊಡ್ಡ ಬಸ್ ನಿಲ್ದಾಣ ಫ್ಲೋರೆಂಟ್ಸ್ ಬೇರೆ ದಿಕ್ಕಿನಲ್ಲಿದೆ. ಟಿಕೆಟ್ ಮೇಲಿನ ನಿಲ್ದಾಣದ ಹೆಸರು ಓದದೆ ಅಲ್ಲಿಗೆ ಹೋಗಿ ಬಸ್ ತಪ್ಪಿಸಿಕೊಳ್ಳುವವರು ಇದ್ದಾರೆ.

ಕ್ರುಮ್‌ಲೋವ್‌ನಲ್ಲಿ ಎರಡು ಕಡೆ ಇಳಿಯಬಹುದು. ಕೋಣೆ ಕೋಟೆ ಕೆಳಗಿನ ಲಾತ್ರಾನ್ ಬೀದಿ ಕಡೆಗಿದ್ದರೆ ಶ್ಪಿಚಾಕ್ ಎಂಬ ನಿಲ್ದಾಣ, ಹಳೆ ಪೇಟೆಯ ಚೌಕದ ಕಡೆಗಿದ್ದರೆ ಮುಖ್ಯ ಬಸ್ ನಿಲ್ದಾಣ. ಎರಡರಿಂದಲೂ ಹತ್ತು ನಿಮಿಷದ ನಡಿಗೆ. ರೈಲು ಹೆಚ್ಚಾಗಿ ಚೆಸ್ಕೆ ಬುಡ್ಯೆಯೋವಿತ್ಸೆಯಲ್ಲಿ ಬದಲಿಸಬೇಕು. ಮೇಲಾಗಿ ಸ್ಟೇಷನ್ ಇರುವುದು ಊರಿನ ಉತ್ತರಕ್ಕೆ ದಿಬ್ಬದ ಮೇಲೆ, ಸುಮಾರು ಎರಡು ಕಿ.ಮೀ. ದೂರ. ಇಳಿಯುವಾಗ ಗೊತ್ತಾಗುವುದಿಲ್ಲ, ವಾಪಸ್ ಹತ್ತುವಾಗ ಗೊತ್ತಾಗುತ್ತದೆ.

ಹಳೆ ಪೇಟೆಯ ಬೀದಿಯೆಲ್ಲ ಉರುಟು ಕಲ್ಲು. ಸೂಟ್‌ಕೇಸಿನ ಸಣ್ಣ ಚಕ್ರ ಸಂದಿಗೆ ಸಿಕ್ಕಿ ಕಿತ್ತು ಹೋಗುತ್ತದೆ. ದೊಡ್ಡ ಲಗೇಜು ಪ್ರಾಗಿನಲ್ಲೇ ಬಿಟ್ಟು ಬೆನ್ನುಚೀಲ ಮಾತ್ರ ತನ್ನಿ. ಮಳೆ ಬಂದರೆ ಆ ಕಲ್ಲು ನಮ್ಮಲ್ಲಿ ಶ್ರಾವಣದಲ್ಲಿ ಪಾಚಿ ಕಟ್ಟಿದ ಚಿರೇಕಲ್ಲಿನ ಅಂಗಳದ ಹಾಗೆ ಜಾರುತ್ತದೆ, ಹಿಡಿತ ಇರುವ ಬೂಟೇ ಬೇಕು.

ಅಘನಾಶಿನಿ ದಂಡೆ (ಕುಮಟಾ)
ಮೇಲಿನವರು ಹೇಳಿದ್ದು ಸರಿ. ಆದರೆ ವಾರ ನೋಡಿಕೊಳ್ಳಿ. ಸೋಮವಾರ ಕೋಟೆಯ ಒಳಕೋಣೆಗಳ ಟೂರೂ ಇಲ್ಲ, ಅಲ್ಲಿನ ಬರೋಕ್ (ಯುರೋಪಿನ ಹಳೆಯ ಅಲಂಕಾರದ ಶೈಲಿ) ರಂಗಮಂದಿರವೂ ಇಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅವೆರಡೂ ಪೂರ್ತಿ ಬಂದ್. ನಿಮ್ಮ ತಾರೀಕು ಮುಂದೆ ಹೋದರೂ ಅಕ್ಟೋಬರ್ ದಾಟದಿರಲಿ.

ಎರಡು ರಾತ್ರಿ ಸಾರ್ಥಕವಾಗುವುದು ರಂಗಮಂದಿರಕ್ಕೆ ಟಿಕೆಟ್ ಸಿಕ್ಕರೆ. 1765-66ರಲ್ಲಿ ಈಗಿನ ರೂಪಕ್ಕೆ ತಂದದ್ದು. ಪರದೆ, ವೇಷಭೂಷಣ, ದೃಶ್ಯ ಬದಲಿಸುವ ಮರದ ಯಂತ್ರ ಎಲ್ಲ ಹಾಗೇ ಉಳಿದಿವೆ. ಒಮ್ಮೆಗೆ ಸಣ್ಣ ಗುಂಪನ್ನಷ್ಟೇ ಬಿಡುತ್ತಾರೆ, ಇಂಗ್ಲಿಷ್ ಟೂರ್ ಕಡಿಮೆ, ಹಾಗಾಗಿ ಇಲ್ಲಿಂದಲೇ ಬುಕ್ ಮಾಡಿ. ಸಿಗದಿದ್ದರೆ ಒಂದು ರಾತ್ರಿಯೇ ಸಾಕು. ಗೋಪುರಕ್ಕೆ 162 ಮೆಟ್ಟಿಲು, ಟಿಕೆಟ್ ಬೇರೆ. ಕೋಟೆಯ ಅಂಗಳಗಳಿಗೂ ಪ್ಲಾಶ್ತೋವಿ ಸೇತುವೆಗೂ ದುಡ್ಡಿಲ್ಲ. ವಲ್ತಾವಾ ಹೊಳೆ ಊರನ್ನು ಸುತ್ತಿಕೊಂಡು ತಿರುಗುವುದು ಆ ಸೇತುವೆಯಿಂದ ಚೆನ್ನಾಗಿ ಕಾಣುತ್ತದೆ. ಕೋಟೆಯ ಫೋಟೋ ಬೇಕಾದರೆ ಎದುರು ದಡದ ಹೋರ್ನಿ ಬೀದಿಗೆ ಹೋಗಿ, ಮ್ಯೂಸಿಯಂ ಪಕ್ಕದ ತೋಟದಿಂದ ಪೂರ್ತಿ ಸಿಗುತ್ತದೆ.

ಕೋಣೆ ಚೌಕದಲ್ಲೇ ಬೇಡ, ಹೋಟೆಲುಗಳ ಸದ್ದು. ಲಾತ್ರಾನ್ ಬೀದಿಯ ಮೇಲಿನ ತುದಿ ಒಳ್ಳೆಯದು. ಬುಕ್ ಮಾಡುವಾಗ ಕೇಳಬೇಕಾದ್ದು: ರಿಸೆಪ್ಷನ್ ಎಷ್ಟು ಗಂಟೆವರೆಗೆ? ಅಲ್ಲಿನ ಪೆನ್ಸಿಯೋನ್‌ಗಳಲ್ಲಿ (ಸಣ್ಣ ವಸತಿಗೃಹ) ಸಂಜೆಯಾದ ಮೇಲೆ ಯಾರೂ ಇರದಿರಬಹುದು, ಬಾಗಿಲ ಕೋಡ್ ಮೊದಲೇ ತರಿಸಿಕೊಳ್ಳಿ.

ಸದಾಶಿವಗಡ
ಊಟದ ಬಗ್ಗೆ ಯಾರೂ ಹೇಳಲಿಲ್ಲ. ತಂಗಿ, ಸಸ್ಯಾಹಾರಿ ಅಂದ ತಕ್ಷಣ ಅಲ್ಲಿ ತಂದಿಡುವುದು ಕರಿದ ಚೀಸ್, ಸ್ಮಜೆನಿ ಸಿರ್. ಅದಕ್ಕೆ ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಯ ಲೇಪ ಇರುತ್ತದೆ. ಬ್ರಾಂಬೊರಾಕ್ ಎಂಬ ಆಲೂಗಡ್ಡೆ ದೋಸೆಗೂ ಮೊಟ್ಟೆ ಬೀಳುತ್ತದೆ. ಬದಿಗೆ ಕೊಡುವ ಕ್ನೆಡ್ಲಿಕ್ ಕಡುಬಿಗೂ ಅದೇ ಗತಿ. ಸೂಪ್‌ನಲ್ಲಿ ಕಣ್ಣಿಗೆ ಬರೀ ತರಕಾರಿ ಕಂಡರೂ ನೀರು ಮಾಂಸದ ಸಾರಿರಬಹುದು.

ಹೋಟೆಲು ಮೆನುವಿನಲ್ಲಿ ತಿಂಡಿಯ ಹೆಸರಿನ ಪಕ್ಕ ಸಣ್ಣ ಅಂಕಿಗಳಿರುತ್ತವೆ, ಅಲರ್ಜಿ ಪಟ್ಟಿ ಅದು. 3 ಅಂದರೆ ಮೊಟ್ಟೆ, 4 ಮೀನು, 7 ಹಾಲು. ಮಾಂಸಕ್ಕೆ ಅಂಕಿ ಇಲ್ಲ, ಅದಕ್ಕೆ ಬಾಯಿಬಿಟ್ಟೇ ಕೇಳಬೇಕು: "ಬೆಜ್ ಮಸಾ, ಬೆಜ್ ವಯೆತ್ಸ್", ಮಾಂಸ ಮೊಟ್ಟೆ ಬೇಡ ಅಂತ. ಹೆಚ್ಚು ಕಡೆ ಸಿಗುವುದು ಬೇಯಿಸಿದ ಆಲೂಗಡ್ಡೆ, ಶೋಪ್ಸ್ಕಿ ಸಲಾಡ್ (ಟೊಮೆಟೊ, ಸೌತೆ, ಚೀಸ್), ಪಿಜ್ಜಾ. ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಹಿಂದೆ ಸಾಡ್ಲೊ ಅಂತಿದ್ದರೆ ಹಂದಿ ಕೊಬ್ಬು, ಜೆಲಾಟಿನಾ ಅಂತಿದ್ದರೆ ಮೊಸರಾದರೂ ಬಿಟ್ಟುಬಿಡಿ. ಅಡುಗೆಮನೆ ಇರುವ ಕೋಣೆ ಸಿಕ್ಕರೆ ಅನ್ನ ಮಾಡಿಕೊಳ್ಳಿ, ರಗಳೆಯೇ ಇಲ್ಲ.

ದುಡ್ಡು ಯೂರೋ ಅಲ್ಲ, ಕೊರುನಾ. ಎಟಿಎಂ ಪರದೆ "ರೂಪಾಯಿಯಲ್ಲಿ ಲೆಕ್ಕ ಹಾಕಲೇ" ಅಂತ ಕೇಳಿದರೆ ಬೇಡ ಒತ್ತಿ, ಆ ದರದಲ್ಲೇ ಕೈ ಸುಡುವುದು.

ಸೋಂದಾ ಕ್ರಾಸ್ (ಶಿರಸಿ)
ಉಪಕಾರ ಆಯ್ತು. ಚೀಲದಲ್ಲಿ ತುಪ್ಪ? ಜೊತೆಗೆ ಕವಳದ ಸಾಮಾನು?

ಸದಾಶಿವಗಡ
ತುಪ್ಪ, ಪೇಡೆ ಬೇಡವೇ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧ ಇದೆ. ಹಸಿ ವೀಳ್ಯದೆಲೆಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು, ಅದು ನಾಲ್ಕು ಎಲೆಗೆ ಯಾರು ಮಾಡಿಸುತ್ತಾರೆ ಮಾರಾಯ್ರೆ, ಬಿಡಿ. ಹಣ್ಣಿನಲ್ಲಿ ಬಾಳೆ, ತೆಂಗು, ಅನಾನಸು, ಖರ್ಜೂರ, ಡುರಿಯನ್‌ಗೆ ಮಾತ್ರ ಸರ್ಟಿಫಿಕೇಟ್ ಬೇಡ. ಚಟ್ನಿಪುಡಿ, ಅಪ್ಪೆಮಿಡಿ ನಡೆಯುತ್ತದೆ. ಉಪ್ಪಿನಕಾಯಿ ಮಾತ್ರ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ರಸ ಇರುವ ಬಾಟಲಿ 100 ಮಿಲಿ ದಾಟಿದರೆ ಭದ್ರತಾ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿ, ಮೇಲೆ ಎರಡು ಕವರ್.