ಪ್ಲಾಸ್ಮಾ ನಿಲ್ಲಿಸಿದ್ದು ತಪ್ಪಾ? ನಮ್ಮ ಮನೆ ಗುಂಪಿನ ಚರ್ಚೆ

ದೊಡ್ಡ ಮಾವ (ಫಾರ್ವರ್ಡ್): "ಕೊರೊನಾ ಕಾಲದಲ್ಲಿ ಪ್ಲಾಸ್ಮಾ, ಅಂದರೆ ಗುಣವಾದವರ ರಕ್ತದಿಂದ ತೆಗೆದ ದ್ರವ, ಎಷ್ಟೋ ಜೀವ ಉಳಿಸಿತು. ಆದರೂ 2021ರ ಮೇ ತಿಂಗಳಲ್ಲಿ ಚಿಕಿತ್ಸೆಯ ಮಾರ್ಗಸೂಚಿಯಿಂದ ತೆಗೆದರು. ಎಲ್ಲರಿಗೂ ಕಳಿಸಿ."
ಇದು ನೂರಕ್ಕೆ ನೂರು ನಿಜ. ನಮ್ಮ ಅಳಿಯಂದಿರೇ ಸಾಕ್ಷಿ.

ಚಿಕ್ಕಮ್ಮ: ಹೌದು ಅಣ್ಣ. ಆ ರಾತ್ರಿ ದಾನಿಗಳಿಗಾಗಿ ಎಷ್ಟು ಜನಕ್ಕೆ ಫೋನ್ ಮಾಡಿದ್ದೆವು!

ನಾನು: ನನಗೂ ನೆನಪಿದೆ. ಭಾವ ಉಳಿದದ್ದು ನಮ್ಮೆಲ್ಲರ ಪುಣ್ಯ. ಆದರೆ ಪ್ಲಾಸ್ಮಾದಿಂದಲೇ ಉಳಿದರು ಅಂತ ಹೇಗೆ ಹೇಳುವುದು ಮಾವ? ಅದಿಲ್ಲದೆಯೂ ಹುಷಾರಾಗಿ ಮನೆಗೆ ಹೋದವರು ಆ ವಾರ್ಡಿನಲ್ಲೇ ಇದ್ದರು ಅಲ್ವಾ?

ದೊಡ್ಡ ಮಾವ: ಕಣ್ಣಾರೆ ಕಂಡಿದ್ದು ಸುಳ್ಳಾ? ಕೊಟ್ಟ ಮೂರನೇ ದಿನಕ್ಕೆ ಆಕ್ಸಿಜನ್ ತೆಗೆದರು.

ನಾನು: ಸುಳ್ಳಲ್ಲ. ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದು ನಮಗೆ ಕಾಣಲಿಲ್ಲ, ಅಷ್ಟೇ. ಅದಕ್ಕೇ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ 39 ಆಸ್ಪತ್ರೆಗಳ 464 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಎರಡಕ್ಕೂ ಮಾಮೂಲಿ ಚಿಕಿತ್ಸೆ, ಒಂದಕ್ಕೆ ಮಾತ್ರ ಪ್ಲಾಸ್ಮಾ ಕೂಡ. "ಪ್ಲಾಸ್ಮಾದಿಂದ ಏನೂ ವ್ಯತ್ಯಾಸ ಇಲ್ಲ" ಅಂತ ಮೊದಲು ಇಟ್ಟುಕೊಳ್ಳುತ್ತಾರೆ. ಅದೇ ಶೂನ್ಯ ಕಲ್ಪನೆ. ಸುಮ್ನೆ ಅದೃಷ್ಟಕ್ಕೆ ಬರುವುದು ತೀರಾ ಅಪರೂಪ ಅನ್ನುವಷ್ಟು ಅಂತರ ಕಂಡರೆ ಆ ಮಾತನ್ನು ಕೈಬಿಡುತ್ತಾರೆ. ಇಲ್ಲಿ ಕಾಯಿಲೆ ಜಾಸ್ತಿಯಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ 44, ಪಡೆಯದವರಲ್ಲಿ 41.

ಅಣ್ಣ: ಹಾಗಾದರೆ ಉಪಯೋಗವಿಲ್ಲ ಅಂತ ಸಾಬೀತಾಯಿತು. ಮುಗೀತು.

ನಾನು: ಅದೂ ಅವಸರ ಅಣ್ಣ. ಅಂತರ ಕಾಣಲಿಲ್ಲ ಅಂದರೆ ಅಂತರ ಇಲ್ಲವೇ ಇಲ್ಲ ಅಂತಲ್ಲ. ಅಷ್ಟು ಜನರ ಲೆಕ್ಕದಲ್ಲಿ ಅಪಾಯ ಶೇ. 29 ಕಡಿಮೆಯಾಗಿರಲೂಬಹುದು, ಶೇ. 54 ಜಾಸ್ತಿಯಾಗಿರಲೂಬಹುದು.

ದೊಡ್ಡ ಮಾವ: ನೋಡಿದ್ಯಾ, ನೀನೇ ಒಪ್ಪಿಕೊಂಡೆ!

ನಾನು: ಒಪ್ಪಿದೆ ಮಾವ. ಅದಕ್ಕೇ ದೊಡ್ಡ ಪರೀಕ್ಷೆ ಬೇಕಿತ್ತು. ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರಿದ್ದ 11,558 ಜನರನ್ನು ನೋಡಿದರು. 28 ದಿನದೊಳಗೆ ತೀರಿಕೊಂಡವರು ಎರಡೂ ಕಡೆ ಶೇ. 24. ಪಿ ಮೌಲ್ಯ 0.95. ಅಂದರೆ ಪ್ಲಾಸ್ಮಾದಲ್ಲಿ ಏನೂ ಇಲ್ಲದೇ ಹೋದರೂ ಅಲ್ಲಿ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ನೂರಕ್ಕೆ 95 ಸಲ ಬರಬಹುದು. ಅಷ್ಟು ಜನರಲ್ಲಿ ದೊಡ್ಡ ಲಾಭ ಇದ್ದಿದ್ದರೆ ಕಾಣದೆ ಹೋಗುತ್ತಿರಲಿಲ್ಲ. ಅದೇ ರಿಕವರಿಯಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಅಗ್ಗದ ಸ್ಟೀರಾಯ್ಡ್ ಗೆದ್ದಿತು. ವೆಂಟಿಲೇಟರ್‌ನಲ್ಲಿದ್ದವರ ಸಾವು ಅದಿಲ್ಲದೆ ಶೇ. 41, ಕೊಟ್ಟಾಗ ಶೇ. 29. ಭಾವನಿಗೂ ಸ್ಟೀರಾಯ್ಡ್ ಕೊಟ್ಟಿದ್ದರು, ನೆನಪಿದೆಯಾ?

ಚಿಕ್ಕಮ್ಮ: ಅಯ್ಯೋ ಹೌದು! ಅದರಿಂದ ಶುಗರ್ ಏರಿತು ಅಂತ ಎಷ್ಟು ಗಾಬರಿಯಾಗಿದ್ದೆವು.

ದೊಡ್ಡ ಮಾವ: ಸರಿ. ಆಸ್ಪತ್ರೆಗೆ ಸೇರುವಷ್ಟು ಜೋರಾಗುವ ಮೊದಲೇ ಕೊಟ್ಟಿದ್ದರೆ?

ನಾನು: ಅದು ಬೇರೆಯೇ ಪ್ರಶ್ನೆ ಮಾವ, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಅರ್ಜೆಂಟೀನಾದಲ್ಲಿ 160 ಹಿರಿಯರ ಮೇಲೆ ಮಾಡಿದರು, ರೋಗಲಕ್ಷಣ ಶುರುವಾಗಿ 72 ಗಂಟೆಯೊಳಗೆ. ಉಸಿರಾಟದ ತೀವ್ರ ತೊಂದರೆಯಾದದ್ದು ಪ್ಲಾಸ್ಮಾ ಸಿಕ್ಕ 80 ಜನರಲ್ಲಿ 13 ಮಂದಿಗೆ, ಸಿಗದ 80 ಜನರಲ್ಲಿ 25 ಮಂದಿಗೆ. ಪಿ ಮೌಲ್ಯ 0.03. ಅಂದರೆ ಪ್ಲಾಸ್ಮಾದಲ್ಲಿ ಏನೂ ಇಲ್ಲದೇ ಹೋದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರಕ್ಕೆ ಮೂರು ಸಲ ಬರಬಹುದು. ನಾನಂತೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಭಾವನಿಗೆ ಕೊಟ್ಟದ್ದು ಒಂಬತ್ತನೇ ದಿನ.

ದೊಡ್ಡ ಮಾವ: ಹತ್ತನೇ ದಿನ. ಫೈಲ್ ಇನ್ನೂ ನನ್ನ ಬೀರುವಿನಲ್ಲಿದೆ.
ಈ ಫಾರ್ವರ್ಡ್ ನಮ್ಮ ವಾಕಿಂಗ್ ಗುಂಪಿಗೂ ಹಾಕಿದ್ದೇನೆ. ನೀನು ಬರೆದದ್ದನ್ನೂ ಅಲ್ಲಿಗೆ ಕಳಿಸುತ್ತೇನೆ, ಓದಲಿ. ಅಳಿಯಂದಿರ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಒಪ್ಪುತ್ತಿಲ್ಲ.