ವೆಬ್ ಪುಟವನ್ನು ಚಿತ್ರ ಸಮೇತ ಮೇಲ್ ಮಾಡೋದು: ಪೈಥಾನ್‌ನಲ್ಲಿ ಚಿತ್ರಗಳೇ ಕಾಣ್ತಿಲ್ಲ

ಅಂತರಗಂಗೆ_ಕೋಡ್:

ಕೋಲಾರ ಮಾರ್ಕೆಟ್ಟಿನ ಟೊಮೆಟೊ ಧಾರಣೆ ಪುಟ ದಿನಾ ಸಂಜೆ ತಯಾರಾಗುತ್ತೆ. 15 ಕೆಜಿ ಬಾಕ್ಸಿನ ಕನಿಷ್ಠ, ಗರಿಷ್ಠ ದರದ ಟೇಬಲ್, ಚಾರ್ಟ್‌ಜೆಎಸ್‌ನಲ್ಲಿ (ಗ್ರಾಫ್ ಬರೆಯೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಬರೆದ ವಾರದ ಗ್ರಾಫ್, ಮೇಲೊಂದು ಎಸ್‌ವಿಜಿ ಲೋಗೋ. ಇದನ್ನ ಸುಮಾರು 200 ಜನಕ್ಕೆ ಪೈಥಾನ್‌ನಿಂದ ಮೇಲ್ ಮಾಡಬೇಕು. ಚಿತ್ರಗಳನ್ನ ಬೇಸ್64 ಮಾಡಿ (ಅಂದ್ರೆ ಅಕ್ಷರಗಳ ಸಾಲಾಗಿ ಬದಲಿಸಿ) ಇಮೇಜ್ ಟ್ಯಾಗಿನೊಳಗೇ ತುಂಬಿದೀನಿ. ಬ್ರೌಸರ್‌ನಲ್ಲಿ ಸರಿಯಾಗಿದೆ. ಜಿಮೇಲ್‌ನಲ್ಲಿ ಲೋಗೋ ಇಲ್ಲ, ಗ್ರಾಫ್ ಜಾಗ ಖಾಲಿ, ಅರ್ಧಕ್ಕೇ ಮೇಲ್ ಕತ್ತರಿಸುತ್ತೆ. ಔಟ್‌ಲುಕ್‌ನಲ್ಲಿ ಕಾಲಮ್‌ಗಳು ಚೆಲ್ಲಾಪಿಲ್ಲಿ. ಎಲ್ಲಿಂದ ಸರಿ ಮಾಡ್ಲಿ?

ಮುಳಬಾಗಿಲು_ದೋಸೆ:

ಮೊದಲು ಆ ಬೇಸ್64 ತೆಗೀರಿ. ಹೀಗೆ ಟ್ಯಾಗಿನೊಳಗೇ ತುಂಬಿದ ಚಿತ್ರವನ್ನ (ಡೇಟಾ ಯುಆರ್‌ಎಲ್) ಜಿಮೇಲ್ ತೋರಿಸಲ್ಲ, ವಿಂಡೋಸ್‌ನ ಹಳೇ ಔಟ್‌ಲುಕ್ಕೂ ತೋರಿಸಲ್ಲ. ಮೇಲ್ ಕತ್ತರಿಸೋದಕ್ಕೂ ಅದೇ ಕಾರಣ. ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಕತ್ತರಿ ಹಾಕುತ್ತೆ, ನಿಮ್ಮ ಚಿತ್ರವೆಲ್ಲ ಆ ಲೆಕ್ಕಕ್ಕೇ ಸೇರ್ತಿದೆ. ಚಿತ್ರ ಬೇರೆ ಭಾಗವಾಗಿ ಹೋದರೆ ಈ ಲೆಕ್ಕಕ್ಕೆ ಬರಲ್ಲ. ಪಠ್ಯ ಮಾತ್ರ ಲೆಕ್ಕಕ್ಕೆ ಬರುತ್ತೆ, ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ (ಅಕ್ಷರದ ಬಿಡಿ ಚಿಹ್ನೆ) ಯುಟಿಎಫ್-8ರಲ್ಲಿ 3 ಬೈಟ್ ಬೇಕು ಅನ್ನೋದೂ ನೆನಪಿರಲಿ.

ಸರಿಯಾದ ದಾರಿ ಸಿಐಡಿ (ಕಂಟೆಂಟ್ ಐಡಿ): ಚಿತ್ರವನ್ನ ಮೇಲ್‌ನಲ್ಲೇ ಬೇರೆ ಭಾಗವಾಗಿ ಇಟ್ಟು, ಅದರ ಐಡಿಯನ್ನ ಎಚ್‌ಟಿಎಂಎಲ್‌ನಲ್ಲಿ ಬರೆಯೋದು. ಮೇಲ್‌ನ ರಚನೆ ಹೀಗಿರಬೇಕು: ಹೊರಗೆ ಮಲ್ಟಿಪಾರ್ಟ್ ಆಲ್ಟರ್ನೇಟಿವ್ (ಒಂದೇ ವಿಷಯದ ಬೇರೆ ಬೇರೆ ರೂಪಗಳು), ಅದರೊಳಗೆ ಮೊದಲು ಸಾದಾ ಪಠ್ಯ, ಆಮೇಲೆ ಮಲ್ಟಿಪಾರ್ಟ್ ರಿಲೇಟೆಡ್ (ಒಟ್ಟಿಗೆ ತೋರಿಸೋ ಭಾಗಗಳು), ಆ ರಿಲೇಟೆಡ್ ಒಳಗೆ ಎಚ್‌ಟಿಎಂಎಲ್ ಮತ್ತು ಚಿತ್ರಗಳು. ಕೈಯಲ್ಲಿ ಕಟ್ಟಬೇಡಿ, ಪೈಥಾನ್‌ನ ಇಮೇಲ್‌ಮೆಸೇಜ್ ಕ್ಲಾಸೇ ಕಟ್ಟುತ್ತೆ. ಸೆಟ್_ಕಂಟೆಂಟ್‌ಗೆ ಸಾದಾ ಪಠ್ಯ ಕೊಡಿ, ಆಡ್_ಆಲ್ಟರ್ನೇಟಿವ್‌ಗೆ ಎಚ್‌ಟಿಎಂಎಲ್ ಕೊಡಿ. ಆಮೇಲೆ ಗೆಟ್_ಪೇಲೋಡ್‌ನಲ್ಲಿ ಸಿಗೋ ಎರಡನೇ ಭಾಗದ ಮೇಲೆ ಆಡ್_ರಿಲೇಟೆಡ್ ಕರೀರಿ. ಇಡೀ ಮೆಸೇಜ್ ಮೇಲೆ ಕರೆದರೆ ಎರರ್ ಬರುತ್ತೆ.

ಚಿತ್ರದ ಐಡಿಯನ್ನ ಪೈಥಾನ್‌ನ ಮೇಕ್_ಎಂಎಸ್‌ಜಿಐಡಿಯಿಂದ ಪಡೀರಿ. ಅದು ಕೊಡೋ ಐಡಿಗೆ ಎರಡೂ ಬದಿ ಕೋನ ಬ್ರಾಕೆಟ್ ಇರುತ್ತೆ. ಆಡ್_ರಿಲೇಟೆಡ್‌ಗೆ ಅದನ್ನ ಹಾಗೇ ಕೊಡಿ. ಇಮೇಜ್ ಟ್ಯಾಗಿನಲ್ಲಿ ಮಾತ್ರ ಬ್ರಾಕೆಟ್ ಕಿತ್ತು, ಮುಂದೆ 'ಸಿಐಡಿ' ಮತ್ತು ಕೋಲನ್ ಹಾಕಿ ಬರೀರಿ. ಚಿತ್ರ ಬರಲ್ಲ ಅನ್ನೋರಲ್ಲಿ ಬಹಳಷ್ಟು ಮಂದಿ ಎಡವೋದು ಇಲ್ಲೇ.

ಬಂಗಾರಪೇಟೆ_ಬೈಟ್:

ಅದೆಲ್ಲ ಮಾಡಿದರೂ ಗ್ರಾಫ್ ಬರಲ್ಲ. ಚಾರ್ಟ್‌ಜೆಎಸ್ ಕ್ಯಾನ್ವಾಸ್ ಮೇಲೆ ಬರೆಯೋದು ಜಾವಾಸ್ಕ್ರಿಪ್ಟ್‌ನಿಂದ, ಮೇಲ್‌ಗೆ ಬಂದ ಸ್ಕ್ರಿಪ್ಟನ್ನ ಜಿಮೇಲಾಗಲಿ ಔಟ್‌ಲುಕ್ಕಾಗಲಿ ಓಡಿಸಲ್ಲ. ಗ್ರಾಫನ್ನ ಮೊದಲೇ ಪಿಎನ್‌ಜಿ ಮಾಡಿಕೊಳ್ಳಬೇಕು.

ಇಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ (ಪೈಥಾನ್‌ನ ಗ್ರಾಫ್ ಲೈಬ್ರರಿ) ಅಂತ ಹೋಗಬೇಡಿ. ಗುಣಿತಾಕ್ಷರ, ಒತ್ತಕ್ಷರ ಜೋಡಿಸೋ ಕೆಲಸ ಅದು ಸಾಮಾನ್ಯವಾಗಿ ಮಾಡಲ್ಲ. 'ಮಾರುಕಟ್ಟೆ'ಯ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿರುತ್ತೆ. ಪ್ಲೇರೈಟ್‌ನಲ್ಲಿ (ಕೋಡ್‌ನಿಂದ ಬ್ರೌಸರ್ ನಡೆಸೋ ಸಾಧನ) ಪುಟ ತೆರೆದು ಗ್ರಾಫಿನ ಎಲಿಮೆಂಟಿನದಷ್ಟೇ ಸ್ಕ್ರೀನ್‌ಶಾಟ್ ತೆಗೀರಿ. ಚಾರ್ಟಿನ ಆನಿಮೇಶನ್ ಫಾಲ್ಸ್ ಮಾಡಿ, ಇಲ್ಲಾಂದ್ರೆ ಅರ್ಧ ಎದ್ದ ಗೆರೆಯೇ ಸೆರೆಯಾಗುತ್ತೆ. ಡಿವೈಸ್ ಸ್ಕೇಲ್ ಫ್ಯಾಕ್ಟರ್ 2 ಇಟ್ಟರೆ ಮೊಬೈಲ್‌ನಲ್ಲಿ ಅಕ್ಷರ ಮಸುಕಾಗಲ್ಲ. ಸರ್ವರ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದೀರಾ ನೋಡಿ. ಕನ್ನಡ ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು ಬರ್ತವೆ. ಲೋಗೋನೂ ಪಿಎನ್‌ಜಿ ಮಾಡಿ, ಎಸ್‌ವಿಜಿ ಜಿಮೇಲ್‌ನಲ್ಲಿ ಕಾಣಲ್ಲ.

ಔಟ್‌ಲುಕ್ ವಿಷಯ: ವಿಂಡೋಸ್‌ನ ಹಳೇ ಆವೃತ್ತಿಗಳು 2007ರಿಂದ ಪುಟ ಬಿಡಿಸೋದು ವರ್ಡ್ ಎಂಜಿನ್‌ನಲ್ಲಿ. ಕಾಲಮ್ ಜೋಡಿಸೋ ಸಿಎಸ್‌ಎಸ್ ವಿಧಾನಗಳಾದ ಫ್ಲೆಕ್ಸ್, ಗ್ರಿಡ್ ಅದಕ್ಕೆ ಗೊತ್ತಿಲ್ಲ. ಲೇಔಟಿಗೂ ಟೇಬಲ್ಲೇ ಗತಿ, ಅಗಲ 600 ಪಿಕ್ಸೆಲ್ ಸಾಕು. ಚಿತ್ರದ ಅಗಲವನ್ನ ಸಿಎಸ್‌ಎಸ್‌ನಲ್ಲಿ ಅಲ್ಲ, ಟ್ಯಾಗಿನ ವಿಡ್ತ್‌ನಲ್ಲೇ ಕೊಡಿ. ಕೊಡದಿದ್ದರೆ ನಿಮ್ಮ ಎರಡು ಪಟ್ಟಿನ ಗ್ರಾಫ್ ಪೂರ್ತಿ ಗಾತ್ರದಲ್ಲಿ ಹರಡಿಕೊಳ್ಳುತ್ತೆ. ಹೊರಗಿನ ಸಿಎಸ್‌ಎಸ್ ಫೈಲನ್ನ ಜಿಮೇಲ್ ತರಿಸಿಕೊಳ್ಳಲ್ಲ, ಪ್ರೀಮೇಲರ್ ಲೈಬ್ರರಿ ಓಡಿಸಿದರೆ ಸ್ಟೈಲುಗಳು ಆಯಾ ಟ್ಯಾಗಿಗೇ ಇಳೀತವೆ.

ಕೈವಾರ_ಲಿನಕ್ಸ್:

200 ಜನಕ್ಕೆ ಸಿಐಡಿ ಯಾಕೆ? ಚಿತ್ರ ಸರ್ವರ್‌ನಲ್ಲಿಟ್ಟು ಪೂರ್ತಿ ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟರೆ ಮೇಲ್ ಹಗುರ. ಫೈಲ್ ಹೆಸರಲ್ಲಿ ತಾರೀಕು ಇರಲಿ, ಅಷ್ಟೇ. ಜಿಮೇಲ್ ಚಿತ್ರಗಳನ್ನ ತನ್ನ ಪ್ರಾಕ್ಸಿಯಲ್ಲಿ (ನಡುವಿನ ಸರ್ವರ್) ಇಟ್ಟುಕೊಳ್ಳುತ್ತೆ, ದಿನಾ ಒಂದೇ ಹೆಸರಿದ್ದರೆ ನಿನ್ನೆಯ ಗ್ರಾಫೇ ಕಾಣಬಹುದು.

ಮುಳಬಾಗಿಲು_ದೋಸೆ:

ಜಾಹೀರಾತು ಮೇಲ್ ಆಗಿದ್ರೆ ಒಪ್ಪಬಹುದಿತ್ತು ಅಣ್ಣ. ಇದು ರೇಟು. ಮೂರು ತಿಂಗಳಾದ್ಮೇಲೆ ತೆರೆದರೂ ಅವತ್ತಿನ ಗ್ರಾಫೇ ಇರಬೇಕು, ಸರ್ವರ್ ಬಿದ್ದುಹೋಗಿದ್ದರೂ. 60 ಕೆಬಿ ಪಿಎನ್‌ಜಿ ಬೇಸ್64 ಆದರೆ 80 ಕೆಬಿ ಚಿಲ್ಲರೆ, ಅದೇನೂ ಭಾರವಲ್ಲ.

ಅಂತರಗಂಗೆ_ಕೋಡ್:

ಪ್ಲೇರೈಟ್, ಸಿಐಡಿ ಎರಡೂ ಆಯ್ತು, ಗ್ರಾಫ್ ಬಂತು. ಆದರೆ ಅದೇ ಚಿತ್ರ ಕೆಳಗೆ ಅಟ್ಯಾಚ್‌ಮೆಂಟ್ ಆಗಿಯೂ ಕಾಣ್ತಿದೆ. ಲೂಪ್‌ನಲ್ಲಿ ಎರಡನೇ ವಿಳಾಸಕ್ಕೆ ವ್ಯಾಲ್ಯೂಎರರ್.

ಬಂಗಾರಪೇಟೆ_ಬೈಟ್:

ಆಡ್_ರಿಲೇಟೆಡ್‌ಗೆ ಫೈಲ್‌ನೇಮ್ ಕೊಟ್ಟಿರ್ತೀರಿ. ಕೊಡದಿದ್ದರೆ ಡಿಸ್ಪೊಸಿಶನ್ (ಆ ಭಾಗವನ್ನ ಹೇಗೆ ತೋರಿಸಬೇಕು ಅನ್ನೋ ಹೆಡರ್) ತಾನಾಗೇ ಇನ್‌ಲೈನ್, ಅಂದ್ರೆ ಮೇಲ್ ಒಳಗೇ. ಕೊಟ್ಟ ಕೂಡಲೇ ಅಟ್ಯಾಚ್‌ಮೆಂಟ್ ಆಗಿಬಿಡುತ್ತೆ. ಹೆಸರು ಬೇಕೇ ಬೇಕಂದ್ರೆ ಡಿಸ್ಪೊಸಿಶನ್ ಇನ್‌ಲೈನ್ ಅಂತ ಜೊತೆಗೇ ಕೊಡಿ.

ವ್ಯಾಲ್ಯೂಎರರ್ ಬರೋದು 'ಟು' ಹೆಡರ್ ಎರಡನೇ ಸಲ ಸೇರಿಸಿದ್ದಕ್ಕೆ. ಈ ಕ್ಲಾಸ್‌ನಲ್ಲಿ ಹೊಸ ಬೆಲೆ ಕೊಟ್ಟರೆ ಹಳೇದು ಹೋಗಲ್ಲ. ಮೊದಲು ಹಳೇ ಹೆಡರನ್ನ ಡೆಲ್‌ನಿಂದ ಅಳಿಸಿ, ಆಮೇಲೆ ಹೊಸದು ಹಾಕಿ. ಮೇಲ್ ಕಳಿಸೋ ಎಸ್‌ಎಂಟಿಪಿ ಕನೆಕ್ಷನ್ ಲೂಪಿನ ಹೊರಗೇ ಒಂದು ಸಲ ತೆರೀರಿ: ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವನ್ನ ಗೂಢಲಿಪಿಗೆ ಬದಲಿಸೋದು), ಆಮೇಲೆ ಲಾಗಿನ್. ಸ್ವಂತ ಜಿಮೇಲ್ ಖಾತೆಯಾದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೊಳ್ಳಿ, ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ. ದಿನಕ್ಕೆ 500 ಜನರ ಮಿತಿ ಇದೆ, ಸದ್ಯಕ್ಕೆ ನಿಮಗೆ ತೊಂದರೆ ಇಲ್ಲ.

ಪ್ರತಿ ಬದಲಾವಣೆಗೂ ಮೇಲ್ ಕಳಿಸಿ ನೋಡೋ ಬದಲು ಮೆಸೇಜನ್ನ ಬೈಟ್ಸ್ ಮಾಡಿ ಡಾಟ್ ಇಎಂಎಲ್ ಫೈಲಿಗೆ ಬರೆದು ಥಂಡರ್‌ಬರ್ಡ್ ಮೇಲ್ ಆ್ಯಪ್‌ನಲ್ಲಿ ತೆರೀರಿ. ಕೊನೆಗೊಂದು ಸಲ ಜಿಮೇಲ್‌ಗೂ ಔಟ್‌ಲುಕ್‌ಗೂ ಕಳಿಸಿದರೆ ಸಾಕು.